ರಾಮನಾಥ ಚೋಪ್ರಾ

ಸರ್ ರಾಮನಾಥ ಚೋಪ್ರಾ (17 ಆಗಸ್ಟ್ 1882 – 13 ಜೂನ್ 1973) ಭಾರತದ ವೈದ್ಯರು, ಔಷಧವಿಜ್ಞಾನಿ ಹಾಗೂ ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಅಧಿಕಾರಿಯಾಗಿದ್ದರು. ಇವರನ್ನು ಭಾರತೀಯ ಔಷಧವಿಜ್ಞಾನದ ಪಿತಾಮಹರೆಂದು ಕರೆಯುವುದುಂಟು. ಇವರ ಅಧ್ಯಕ್ಷತೆಯ ಔಷಧ ವಿಚಾರಣಾ ಸಮಿತಿಯು (1930–31) ದೇಶದ ಔಷಧ ಕಾನೂನು ಮತ್ತು ಫಾರ್ಮಸಿ ವೃತ್ತಿಗೆ ತಳಪಾಯ ಹಾಕಿತು. ವೈದ್ಯರು ಬರೆದ ಚೀಟಿಯಲ್ಲಿನ ಔಷಧವನ್ನು ರೋಗಿಗೆ ಕೊಡುವವರು ಯಾರು, ಅವರ ಅರ್ಹತೆ ಏನು ಎಂಬ ಪ್ರಶ್ನೆಗೆ ಭಾರತದಲ್ಲಿ ದೊರೆತ ಕಾನೂನಾತ್ಮಕ ಉತ್ತರವು ಬಹುಮಟ್ಟಿಗೆ ಈ ಸಮಿತಿಯ ವರದಿಯಿಂದ ಬಂದುದು.

ಜನನ ಮತ್ತು ಶಿಕ್ಷಣ

ಚೋಪ್ರಾ ಅವರು ಈಗ ಪಾಕಿಸ್ತಾನದಲ್ಲಿರುವ ಗುಜ್ರಾನ್‌ವಾಲಾದಲ್ಲಿ ಜನಿಸಿದರು. ಶ್ರೀನಗರದಲ್ಲಿ ಆರಂಭಿಕ ಶಿಕ್ಷಣವನ್ನೂ ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿ ಮುಂದಿನ ವ್ಯಾಸಂಗವನ್ನೂ ಮುಗಿಸಿ, 1903ರಲ್ಲಿ ಇಂಗ್ಲೆಂಡಿಗೆ ತೆರಳಿ ಕೇಂಬ್ರಿಜ್‌ನ ಡೌನಿಂಗ್ ಕಾಲೇಜನ್ನು ಸೇರಿದರು. ಅಲ್ಲಿ ವಾಲ್ಟರ್ ಡಿಕ್ಸನ್ ಅವರ ಬಳಿ ಪ್ರಾಯೋಗಿಕ ಔಷಧವಿಜ್ಞಾನವನ್ನು ಕಲಿತದ್ದು ಅವರ ಜೀವನದ ದಿಕ್ಕನ್ನು ನಿರ್ಧರಿಸಿತು. ಔಷಧವೊಂದರ ಗುಣವನ್ನು ಪರಂಪರೆಯ ಮಾತಿನಿಂದಾಗಲಿ ಮಾರಾಟಗಾರನ ಮಾತಿನಿಂದಾಗಲಿ ಒಪ್ಪದೆ, ಅಳೆದು ನೋಡಿ ತಿಳಿಯಬೇಕೆಂಬ ಪಾಠ ಅದು. ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯಲ್ಲಿ ವೈದ್ಯಕೀಯ ತರಬೇತಿ ಪಡೆದು 1908ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್‌ಗೆ ಆಯ್ಕೆಯಾದರು. ಮೊದಲ ಮಹಾಯುದ್ಧದಲ್ಲಿ ಪೂರ್ವ ಆಫ್ರಿಕಾದಲ್ಲಿ ಸೇವೆ ಸಲ್ಲಿಸಿದರು.

ಕಲ್ಕತ್ತಾದ ವರ್ಷಗಳು

ಯುದ್ಧಾನಂತರ ಅವರು ಹೊಸದಾಗಿ ಪ್ರಾರಂಭವಾದ ಕಲ್ಕತ್ತಾ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನಲ್ಲಿ ಔಷಧವಿಜ್ಞಾನದ ಮೊದಲ ಪ್ರಾಧ್ಯಾಪಕರಾದರು. ಮುಂದೆ ಅದರ ನಿರ್ದೇಶಕರೂ ಆದರು. ದೇಶೀಯ ಗಿಡಮೂಲಿಕೆಗಳ ರಾಸಾಯನಿಕ ಹಾಗೂ ಚಿಕಿತ್ಸಕ ಪರೀಕ್ಷೆ ಇಲ್ಲಿನ ಮುಖ್ಯ ಕಾರ್ಯ. ಸರ್ಪಗಂಧದ ಬೇರು ರಕ್ತದೊತ್ತಡವನ್ನು ತಗ್ಗಿಸುವ ಬಗ್ಗೆ ಅವರೂ ಸಹೋದ್ಯೋಗಿಗಳೂ 1933ರಲ್ಲಿ ಪ್ರಕಟಿಸಿದ ಅಧ್ಯಯನ ಇವುಗಳಲ್ಲಿ ಹೆಚ್ಚು ಪ್ರಸಿದ್ಧ. ಅದೇ ಬೇರಿನಿಂದ 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ರಿಸರ್ಪಿನ್ ಪ್ರತ್ಯೇಕಿಸಲ್ಪಟ್ಟಿತು. ‘ಇಂಡಿಜಿನಸ್ ಡ್ರಗ್ಸ್ ಆಫ್ ಇಂಡಿಯಾ’ ಎಂಬ ಅವರ ಗ್ರಂಥವೂ 1933ರದೇ.

ಔಷಧ ವಿಚಾರಣಾ ಸಮಿತಿ

1920ರ ದಶಕದ ಭಾರತದಲ್ಲಿ ಔಷಧದ ಗುಣಮಟ್ಟಕ್ಕೆ ದೇಶವ್ಯಾಪಿ ಕಾನೂನು ಇರಲಿಲ್ಲ. ವಿಷ, ಅಫೀಮುಗಳ ಬಗ್ಗೆ ಚದುರಿದ ಕಾಯಿದೆಗಳಷ್ಟೇ ಇದ್ದವು. ಮಲೇರಿಯಾಕ್ಕೆ ಇದ್ದ ಮುಖ್ಯ ಮದ್ದು ಕ್ವಿನೈನ್. ಪೇಟೆಯಲ್ಲಿ ಕಲಬೆರಕೆಯಾಗಿ ಸಿಗುತ್ತಿದ್ದುದೂ ಅದೇ. ಮಲೆನಾಡಿನಂತಹ ಪ್ರದೇಶಗಳ ರೋಗಿಗೆ ಇದು ಸಣ್ಣ ಸಂಗತಿಯಾಗಿರಲಿಲ್ಲ: ವೈದ್ಯರು ಸರಿಯಾದ ಪ್ರಮಾಣವನ್ನೇ ಬರೆದರೂ ಗುಳಿಗೆಯಲ್ಲಿ ಅಷ್ಟು ಮದ್ದು ಇಲ್ಲದಿದ್ದರೆ ಜ್ವರ ಇಳಿಯುತ್ತಿರಲಿಲ್ಲ, ದೋಷ ಮಾತ್ರ ಚಿಕಿತ್ಸೆಯ ಮೇಲೆ ಬೀಳುತ್ತಿತ್ತು. ಔಷಧ ಬೆರೆಸಿ ಸೀಸೆಗೆ ತುಂಬಿ, ಪ್ರಮಾಣ ಸೂಚಿಸುವ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದ ಕಂಪೌಂಡರ್‌ಗೆ ದೇಶಕ್ಕೆಲ್ಲ ಅನ್ವಯಿಸುವ ಕನಿಷ್ಠ ವಿದ್ಯಾರ್ಹತೆಯೇ ಇರಲಿಲ್ಲ.

1927ರಲ್ಲಿ ಕೌನ್ಸಿಲ್ ಆಫ್ ಸ್ಟೇಟ್‌ನಲ್ಲಿ ಕಲಬೆರಕೆ ಔಷಧಗಳ ವಿರುದ್ಧ ನಿರ್ಣಯ ಮಂಡನೆಯಾಯಿತು. ಅದರ ಫಲವಾಗಿ 1930ರ ಆಗಸ್ಟಿನಲ್ಲಿ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕಗೊಂಡಿತು. ಅದು ಪ್ರಶ್ನಾವಳಿಗಳನ್ನು ಕಳುಹಿಸಿ, ಪ್ರಾಂತ್ಯಗಳಲ್ಲಿ ಸಂಚರಿಸಿ, 1931ರಲ್ಲಿ ವರದಿ ಒಪ್ಪಿಸಿತು. ಕೇಂದ್ರೀಯ ಔಷಧ ಕಾನೂನು ಮತ್ತು ಪರೀಕ್ಷಾ ಪ್ರಯೋಗಾಲಯಗಳನ್ನು ವರದಿ ಶಿಫಾರಸು ಮಾಡಿತು. ಇಷ್ಟಕ್ಕೇ ನಿಂತಿದ್ದರೆ ಅದು ಕಲಬೆರಕೆ ತಡೆಯುವ ವರದಿ ಮಾತ್ರ ಆಗುತ್ತಿತ್ತು. ಸಮಿತಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಔಷಧ ವಿತರಿಸುವವರಿಗೆ ನಿಗದಿತ ಶಿಕ್ಷಣ ಇರಬೇಕು, ಅವರ ಹೆಸರು ನೋಂದಣಿಯಾಗಬೇಕು, ಅವರನ್ನು ನಿಯಂತ್ರಿಸಲು ಪರಿಷತ್ತುಗಳಿರಬೇಕು ಎಂದಿತು. ಔಷಧ ಶುದ್ಧವಾಗಿದ್ದರೂ ಅದನ್ನು ಅರಿಯದವರು ಕೊಟ್ಟರೆ ಪ್ರಯೋಜನವಿಲ್ಲ ಎಂಬ ಈ ತಿಳಿವೇ ವರದಿಯ ನಿಜವಾದ ಸತ್ವ.

ಸರ್ಕಾರ ಅವಸರ ಮಾಡಲಿಲ್ಲ. ಔಷಧ ಕಾಯಿದೆ ಬಂದದ್ದು 1940ರಲ್ಲಿ, ಅದರ ನಿಯಮಗಳು 1945ರಲ್ಲಿ, ಫಾರ್ಮಸಿ ಕಾಯಿದೆ 1948ರಲ್ಲಿ. ಈ ನಡುವೆ 1932ರಲ್ಲಿ ಮಹಾದೇವ ಲಾಲ್ ಶ್ರಾಫ್ ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಫಾರ್ಮಸಿ ಶಿಕ್ಷಣವನ್ನು ಆರಂಭಿಸಿದ್ದರು. ಮೊದಲ ಇಂಡಿಯನ್ ಫಾರ್ಮಕೊಪಿಯಾ 1955ರಲ್ಲಿ ಪ್ರಕಟವಾಯಿತು; ಅದಕ್ಕೆ ಮುನ್ನ 1946ರ ಔಷಧ ಪಟ್ಟಿಯನ್ನು ಸಿದ್ಧಪಡಿಸಿದ ಸಮಿತಿಗೂ ಚೋಪ್ರಾ ಅವರೇ ಅಧ್ಯಕ್ಷರು.

ಕರ್ನಾಟಕದಲ್ಲಿ ಪರಿಣಾಮ

ಬ್ರಿಟಿಷ್ ಆಡಳಿತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ಬಳ್ಳಾರಿ, ದಕ್ಷಿಣ ಕನ್ನಡ ಪ್ರದೇಶಗಳಿಗೆ 1940ರ ಕಾಯಿದೆ ನೇರವಾಗಿ ಅನ್ವಯಿಸಿತು. ಮೈಸೂರು ಸಂಸ್ಥಾನಕ್ಕೆ ಈ ವ್ಯವಸ್ಥೆ ವಿಲೀನದ ಅನಂತರವೇ ಬಂದಿತು. ಚೋಪ್ರಾ ವರದಿ ಬಯಸಿದ್ದ ಪ್ರಾಂತೀಯ ಪರಿಷತ್ತಿನ ಕರ್ನಾಟಕದ ರೂಪ ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತು. ಅದರ ಕಚೇರಿ ಪಶ್ಚಿಮ ಬೆಂಗಳೂರಿನ ವಿಜಯನಗರದಲ್ಲಿದೆ. ಸಂಸ್ಥೆ ರಾಜ್ಯದ ಫಾರ್ಮಸಿಸ್ಟರ ನೋಂದಣಿಯ ಜೊತೆಗೆ ಔಷಧ ಮಾಹಿತಿ ಕೇಂದ್ರವೊಂದನ್ನೂ ನಡೆಸಿಕೊಂಡು ಬಂದಿದೆ. ಔಷಧದ ಪ್ರಮಾಣ, ಅಡ್ಡಪರಿಣಾಮ, ಒಂದಕ್ಕೊಂದರ ಪ್ರತಿಕ್ರಿಯೆ ಮುಂತಾದ ಪ್ರಶ್ನೆಗಳಿಗೆ ಉತ್ತರ ನೀಡುವುದು ಇಂತಹ ಕೇಂದ್ರದ ಕೆಲಸ.

ಇದರ ಅಗತ್ಯ ಇಂದು ಆಸ್ಪತ್ರೆಗಿಂತಲೂ ಮನೆಯಲ್ಲಿ ಹೆಚ್ಚು ಕಾಣುತ್ತದೆ. ರಾಜಾಜಿನಗರ, ಬಸವೇಶ್ವರನಗರದಂತಹ ಹಳೆಯ ಬಡಾವಣೆಗಳ ವೃದ್ಧರೊಬ್ಬರು ಆಸ್ಪತ್ರೆಯಿಂದ ಬಿಡುಗಡೆಯಾಗಿ ಬಂದಾಗ, ಮನೆಯಲ್ಲಿ ಹಳೆಯ ಮಾತ್ರೆಗಳ ಡಬ್ಬಿಯೂ ಕೈಯಲ್ಲಿ ಹೊಸ ಚೀಟಿಯೂ ಇರುತ್ತವೆ. ಎರಡು ಬೇರೆ ಬ್ರ್ಯಾಂಡುಗಳ ಹೆಸರಿನಲ್ಲಿ ಒಂದೇ ರಕ್ತದೊತ್ತಡದ ಮದ್ದು ಎರಡು ಬಾರಿ ಹೊಟ್ಟೆ ಸೇರಬಹುದು, ನಿಲ್ಲಿಸಬೇಕಾದದ್ದು ಮುಂದುವರಿಯಬಹುದು, ಮುಂದುವರಿಯಬೇಕಾದದ್ದು ಚೀಟಿಯಲ್ಲಿ ಬಿಟ್ಟುಹೋಗಿರಬಹುದು. ಡಬ್ಬಿಯನ್ನು ಕಣ್ಣಾರೆ ನೋಡುವವರು ಮನೆಗೆ ಬರುವ ದಾದಿ. ಎರಡು ಹೆಸರಿನ ಹಿಂದಿರುವುದು ಒಂದೇ ರಾಸಾಯನಿಕವೆಂದು ಗುರುತಿಸಬಲ್ಲವರು ಫಾರ್ಮಸಿಸ್ಟ್. ಯಾವುದನ್ನು ನಿಲ್ಲಿಸಬೇಕೆಂದು ತೀರ್ಮಾನಿಸುವ ಅಧಿಕಾರ ವೈದ್ಯರದು. ಮೂವರ ತಿಳಿವಳಿಕೆಯನ್ನು ಒಂದೇ ಪಟ್ಟಿಗೆ ತಂದು, ರೋಗಿ ನಿಜವಾಗಿ ಸೇವಿಸುತ್ತಿರುವುದಕ್ಕೂ ಬರೆದುಕೊಟ್ಟದ್ದಕ್ಕೂ ತಾಳೆ ನೋಡುವ ಕ್ರಮವನ್ನು ಔಷಧ ಹೊಂದಾಣಿಕೆ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧ ಸುರಕ್ಷತೆಗಾಗಿ ಆರಂಭಿಸಿದ ಜಾಗತಿಕ ಅಭಿಯಾನದಲ್ಲಿ, ಚಿಕಿತ್ಸೆಯ ಸ್ಥಳ ಬದಲಾಗುವ ಸಂದರ್ಭವನ್ನು ಮೂರು ಆದ್ಯತೆಗಳಲ್ಲಿ ಒಂದಾಗಿ ಪರಿಗಣಿಸಿತು.

ಚೋಪ್ರಾ ಸಮಿತಿಯ ಚೌಕಟ್ಟಿನ ಮಿತಿಯೂ ಇಲ್ಲಿಯೇ ಗೋಚರಿಸುತ್ತದೆ. ವೈದ್ಯರಿಗೆ 1933ರ ಕಾಯಿದೆ, ದಾದಿಯರಿಗೆ 1947ರ ಕಾಯಿದೆ, ಫಾರ್ಮಸಿಸ್ಟರಿಗೆ 1948ರ ಕಾಯಿದೆ ಎಂದು ಮೂರು ಪ್ರತ್ಯೇಕ ನೋಂದಣಿಗಳು ಬೆಳೆದವು. ನೋಂದಾಯಿತ ಫಾರ್ಮಸಿಸ್ಟರಲ್ಲದವರು ವೈದ್ಯರ ಚೀಟಿಯ ಔಷಧ ವಿತರಿಸಬಾರದೆಂದು ಫಾರ್ಮಸಿ ಕಾಯಿದೆಯ 42ನೆಯ ಕಲಮು ಹೇಳುತ್ತದೆ. ತಮ್ಮ ರೋಗಿಗಳಿಗೆ ತಾವೇ ಔಷಧ ಕೊಡುವ ವೈದ್ಯರಿಗೆ ವಿನಾಯಿತಿ ಇದೆ. ಆದರೆ ಅಂಗಡಿಯ ಕಟ್ಟೆ ದಾಟಿ ಮದ್ದು ಮನೆ ಸೇರಿದ ಮೇಲಿನ ಹೊಣೆಯ ಬಗ್ಗೆ ಆ ಕಾಲದ ಕಾನೂನು ಯೋಚಿಸಿರಲಿಲ್ಲ. ಅಂದಿನ ತುರ್ತು ಬೇರೆಯಾಗಿದ್ದುದರಿಂದ ಇದನ್ನು ಸಮಿತಿಯ ಲೋಪವೆನ್ನಲಾಗದು. ಚೀಟಿಯ ಪರಿಶೀಲನೆ ಮತ್ತು ರೋಗಿಗೆ ತಿಳಿವಳಿಕೆ ನೀಡುವುದು ಫಾರ್ಮಸಿಸ್ಟರ ಕರ್ತವ್ಯವೆಂದು ಸ್ಪಷ್ಟವಾಗಿ ನಮೂದಾದದ್ದು 2015ರ ಫಾರ್ಮಸಿ ವೃತ್ತಿ ನಿಯಮಾವಳಿಯಲ್ಲಿ.

ನಂತರದ ಜೀವನ

1941ರಲ್ಲಿ ಚೋಪ್ರಾ ಅವರಿಗೆ ನೈಟ್ ಪದವಿ ದೊರೆಯಿತು. ಅದೇ ವರ್ಷ ಕಲ್ಕತ್ತಾದಿಂದ ನಿವೃತ್ತರಾಗಿ ಜಮ್ಮು ಮತ್ತು ಕಾಶ್ಮೀರಕ್ಕೆ ಮರಳಿ, ಜಮ್ಮುವಿನಲ್ಲಿ ಔಷಧ ಸಂಶೋಧನಾ ಪ್ರಯೋಗಾಲಯವನ್ನು ಕಟ್ಟಿದರು. 1957ರಲ್ಲಿ ಇದನ್ನು ಸಿ.ಎಸ್.ಐ.ಆರ್. ವಹಿಸಿಕೊಂಡಿತು, ಈಗಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಇಂಟಿಗ್ರೇಟಿವ್ ಮೆಡಿಸಿನ್ ಅದರ ಮುಂದುವರಿಕೆ. 1946ರಲ್ಲಿ ನೇಮಕವಾದ ದೇಶೀಯ ವೈದ್ಯಪದ್ಧತಿಗಳ ಸಮಿತಿಗೂ ಅವರು ಅಧ್ಯಕ್ಷರಾಗಿದ್ದು, ಆಯುರ್ವೇದ, ಯುನಾನಿ ಮತ್ತು ಆಧುನಿಕ ವೈದ್ಯವನ್ನು ಒಂದಾಗಿಸಬೇಕೆಂದು ವರದಿ ನೀಡಿದರು. ಆ ಶಿಫಾರಸು ಪೂರ್ಣವಾಗಿ ಜಾರಿಗೆ ಬರಲಿಲ್ಲ. 1948ರಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಔಷಧೀಯ ಸಸ್ಯಗಳ ಪದಕೋಶವನ್ನು ಇಬ್ಬರು ಸಹಲೇಖಕರೊಂದಿಗೆ 1956ರಲ್ಲಿ ಪ್ರಕಟಿಸಿದರು.

ಅವರು ತೊಂಬತ್ತನೆಯ ವಯಸ್ಸಿನಲ್ಲಿ, 1973ರ ಜೂನ್ 13ರಂದು ಶ್ರೀನಗರದಲ್ಲಿ ನಿಧನರಾದರು. ಭಾರತೀಯ ಅಂಚೆ ಇಲಾಖೆ 1983ರಲ್ಲಿ ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು.