ಡಾಕ್ಟರ್ ಜೋಸೆಫ್ ಗೋಲ್ಡ್‌ಬರ್ಗರ್

ಹೊಟ್ಟೆ ತುಂಬಿದ ಮಾತ್ರಕ್ಕೆ ದೇಹಕ್ಕೆ ಪೋಷಣೆ ದೊರೆಯಿತೆಂದು ಹೇಳಲಾಗದು. ಈ ಸತ್ಯವನ್ನು ಸ್ಥಾಪಿಸಲು ತಮ್ಮ ಪ್ರಾಣವನ್ನೇ ಪಣವಾಗಿಟ್ಟ ವೈದ್ಯರು ಜೋಸೆಫ್ ಗೋಲ್ಡ್‌ಬರ್ಗರ್.

ಅವರು ೧೮೭೪ರಲ್ಲಿ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದ ಸಣ್ಣ ಊರೊಂದರಲ್ಲಿ ಜನಿಸಿದರು. ಅವರ ಬಾಲ್ಯದಲ್ಲಿಯೇ ಕುಟುಂಬವು ಅಮೆರಿಕಕ್ಕೆ ವಲಸೆ ಹೋಯಿತು. ನ್ಯೂಯಾರ್ಕ್ ನಗರದಲ್ಲಿ ತಂದೆ ಚಿಕ್ಕ ದಿನಸಿ ಅಂಗಡಿಯನ್ನಿಟ್ಟು ಸಂಸಾರ ಸಾಗಿಸಿದರು. ೧೮೯೫ರಲ್ಲಿ ವೈದ್ಯಪದವಿ ಪಡೆದ ಗೋಲ್ಡ್‌ಬರ್ಗರ್ ೧೮೯೯ರಲ್ಲಿ ಸರ್ಕಾರದ ಆರೋಗ್ಯ ಸೇವೆಯನ್ನು ಸೇರಿದರು. ಸಾಂಕ್ರಾಮಿಕ ರೋಗಗಳೊಡನೆ ಹೋರಾಡುತ್ತ ತಾವೇ ಹಳದಿ ಜ್ವರ, ಡೆಂಗೆ, ಟೈಫಸ್‌ಗಳಿಗೆ ತುತ್ತಾಗಿ, ಬದುಕಿ ಉಳಿದರು.

ಆಗ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಪೆಲಾಗ್ರ ಎಂಬ ಭೀಕರ ರೋಗವು ಸಾವಿರಾರು ಬಡವರನ್ನು ಕಾಡುತ್ತಿತ್ತು. ರೋಗಿಯ ಚರ್ಮ ಕೆಂಪೇರಿ ಒರಟಾಗುತ್ತಿತ್ತು. ಭೇದಿಯಿಂದ ಶರೀರ ಸೊರಗುತ್ತಿತ್ತು. ಬುದ್ಧಿಭ್ರಮಣೆಯಾಗಿ ಅನೇಕರು ಮರಣ ಹೊಂದುತ್ತಿದ್ದರು. ಇದು ಅಂಟುರೋಗವೆಂದು ಹಲವು ವೈದ್ಯರು ನಂಬಿದ್ದರು. ೧೯೧೪ರಲ್ಲಿ ಇದರ ಮೂಲವನ್ನು ಶೋಧಿಸುವ ಹೊಣೆ ಗೋಲ್ಡ್‌ಬರ್ಗರ್ ಅವರಿಗೆ ಬಂದಿತು.

ಮಿಸಿಸಿಪಿ ರಾಜ್ಯದ ಜಾಕ್ಸನ್ ನಗರದ ಅನಾಥಾಲಯಗಳಲ್ಲಿ ಅವರು ಒಂದು ವಿಚಿತ್ರವನ್ನು ಕಂಡರು. ರೋಗಿಗಳೊಡನೆ ಸದಾ ಬೆರೆಯುವ ಸಿಬ್ಬಂದಿಗೆ ರೋಗವಿರಲಿಲ್ಲ. ಮಕ್ಕಳಲ್ಲಿಯೂ ೬ ರಿಂದ ೧೨ ವರ್ಷದವರೇ ಹೆಚ್ಚಾಗಿ ನರಳುತ್ತಿದ್ದರು. ಇದೇಕೆ? ಅವರ ದೃಷ್ಟಿ ಊಟದ ತಟ್ಟೆಯತ್ತ ಹರಿಯಿತು. ಎಳೆಯ ಮಕ್ಕಳಿಗೆ ಹಾಲು ದೊರೆಯುತ್ತಿತ್ತು. ದುಡಿಯುವ ದೊಡ್ಡ ಮಕ್ಕಳಿಗೆ ಮಾಂಸ ದೊರೆಯುತ್ತಿತ್ತು. ನಡುವಿನವರಿಗೆ ಮೆಕ್ಕೆಜೋಳ, ಕಾಕಂಬಿಗಳಂತಹ ಆಹಾರವೇ ಗತಿ. ಗೋಲ್ಡ್‌ಬರ್ಗರ್ ಎಲ್ಲ ಮಕ್ಕಳಿಗೂ ಹಾಲು, ಮೊಟ್ಟೆ, ಮಾಂಸ, ಕಾಳುಗಳನ್ನು ಕೊಡಿಸಿದರು. ಮರುವರ್ಷ ರೋಗ ಬಹುಮಟ್ಟಿಗೆ ಮಾಯವಾಯಿತು.

೧೯೧೫ರಲ್ಲಿ, ಬಿಡುಗಡೆಯ ಭರವಸೆ ಪಡೆದು ಮುಂದೆ ಬಂದ ಆರೋಗ್ಯವಂತ ಕೈದಿಗಳಿಗೆ ಅಂತಹದೇ ಸತ್ವಹೀನ ಆಹಾರವನ್ನು ನೀಡಲಾಯಿತು. ಕೆಲವೇ ತಿಂಗಳುಗಳಲ್ಲಿ ೧೧ ಮಂದಿಯಲ್ಲಿ ೬ ಮಂದಿಗೆ ಪೆಲಾಗ್ರ ತಗುಲಿತು. ಆದರೂ ವಿರೋಧಿಗಳು ಒಪ್ಪಲಿಲ್ಲ. ೧೯೧೬ರಲ್ಲಿ ಗೋಲ್ಡ್‌ಬರ್ಗರ್ ರೋಗಿಗಳ ರಕ್ತವನ್ನು ತಮ್ಮ ಮೈಗೆ ಚುಚ್ಚಿಸಿಕೊಂಡರು. ಅವರ ಚರ್ಮದ ಹೊಪ್ಪಳೆಗಳನ್ನೂ ನುಂಗಿದರು. ಪತ್ನಿ ಮೇರಿಯೂ ರಕ್ತದ ಚುಚ್ಚುಮದ್ದಿಗೆ ತೋಳೊಡ್ಡಿದರು. ಯಾರಿಗೂ ರೋಗ ಬರಲಿಲ್ಲ.

ಈ ರೋಗದ ಬೇರು ಬಡತನದಲ್ಲಿದೆಯೆಂದು ಅವರು ಸಾರಿದಾಗ ದಕ್ಷಿಣದ ಮುಖಂಡರು ಕೆರಳಿದರು. ಗೋಲ್ಡ್‌ಬರ್ಗರ್ ಹಿಂಜರಿಯಲಿಲ್ಲ. ಅಗ್ಗವಾಗಿ ದೊರೆಯುವ ಒಣಗಿಸಿದ ಯೀಸ್ಟ್ ಪೆಲಾಗ್ರವನ್ನು ತಡೆಯಬಲ್ಲದೆಂದು ಕಂಡುಹಿಡಿದರು. ೧೯೨೭ರಲ್ಲಿ ಮಿಸಿಸಿಪಿ ನದಿಯ ಮಹಾಪ್ರವಾಹಕ್ಕೆ ಸಿಕ್ಕಿದ ಜನರಿಗೆ ಅದನ್ನು ಹಂಚಲಾಯಿತು.

೧೯೨೯ರಲ್ಲಿ ಗೋಲ್ಡ್‌ಬರ್ಗರ್ ಕ್ಯಾನ್ಸರಿನಿಂದ ನಿಧನರಾದರು. ಆಹಾರದಲ್ಲಿ ಕೊರತೆಯಾಗಿದ್ದ ವಸ್ತು ಯಾವುದೆಂಬುದು ಅವರ ಜೀವಿತಕಾಲದಲ್ಲಿ ತಿಳಿಯಲಿಲ್ಲ. ಅದು ನಯಾಸಿನ್ ಎಂಬ ಜೀವಸತ್ವವೆಂದು ೧೯೩೭ರಲ್ಲಿ ವಿಜ್ಞಾನಿ ಕಾನ್ರಾಡ್ ಎಲ್ವೆಹ್ಯಾಮರ ಸಂಶೋಧನೆಯಿಂದ ಗೊತ್ತಾಯಿತು. ಆ ಹೆಸರನ್ನು ಅರಿಯದೆಯೇ ಗೋಲ್ಡ್‌ಬರ್ಗರ್ ಮಕ್ಕಳ ತಟ್ಟೆಗೆ ಅದನ್ನು ಬಡಿಸಿದ್ದರು.