ಕೆನ್ನೆಯೊಳಗಿನ ಕಾಲುವೆ ಕಂಡ ನೀಲ್ಸ್ ಸ್ಟೆನ್ಸನ್

ಮಕ್ಕಳೇ, ಒಮ್ಮೆ ಹುಣಸೆಹಣ್ಣನ್ನು ನೆನೆಸಿಕೊಳ್ಳಿ. ಬಾಯಲ್ಲಿ ನೀರೂರಿತೆ? ಆ ನೀರು ಎಲ್ಲಿಂದ ಬಂತು?

ಈಗ ಕೈ ತೊಳೆದುಕೊಂಡು ಕನ್ನಡಿಯ ಮುಂದೆ ನಿಲ್ಲಿ. ಬಾಯಿ ತೆರೆದು, ಒಂದು ಕೆನ್ನೆಯನ್ನು ಬೆರಳಿನಿಂದ ಮೆಲ್ಲಗೆ ಹೊರಕ್ಕೆ ಎಳೆದು ಹಿಡಿಯಿರಿ. ಮೇಲಿನ ದವಡೆಹಲ್ಲುಗಳ ಎದುರಿಗೆ, ಕೆನ್ನೆಯ ಒಳಭಾಗದಲ್ಲಿ ಒಂದು ಚಿಕ್ಕ ಉಬ್ಬು ಕಾಣಿಸುತ್ತದೆಯೆ? ಅದರಲ್ಲಿ ಬಹಳ ಸಣ್ಣ ರಂಧ್ರವಿದೆ. ಅದು ಒಂದು ಪುಟ್ಟ ಕಾಲುವೆಯ ಬಾಯಿ. ಜೊಲ್ಲುರಸ ಬಾಯಿಗೆ ಬರುವ ದಾರಿಗಳಲ್ಲಿ ಅದೂ ಒಂದು. ಆ ದಾರಿಯನ್ನು ಕಂಡುಹಿಡಿದಾಗ ನೀಲ್ಸ್ ಸ್ಟೆನ್ಸನ್ ಇನ್ನೂ 22 ವರ್ಷದ ವಿದ್ಯಾರ್ಥಿ!

ಸ್ಟೆನ್ಸನ್ 1638ರಲ್ಲಿ ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ನಗರದಲ್ಲಿ ಜನಿಸಿದರು. ತಂದೆ ಅಕ್ಕಸಾಲಿಗರು. ಚಿಕ್ಕಂದಿನಲ್ಲಿ ಹಲವು ವರ್ಷ ಕಾಯಿಲೆಯಿಂದ ನರಳಿದ್ದರಿಂದ ನೀಲ್ಸ್‌ಗೆ ಇತರ ಮಕ್ಕಳೊಂದಿಗೆ ಆಡಲು ಆಗಲಿಲ್ಲ. ದೊಡ್ಡವರ ಮಾತುಗಳನ್ನು ಕೇಳುತ್ತಲೇ ಬೆಳೆದರು. 1654ರಲ್ಲಿ ಆ ನಗರಕ್ಕೆ ಪ್ಲೇಗ್ ಬಂತು. ಅವರ ಶಾಲೆಯಲ್ಲೇ 200ಕ್ಕೂ ಹೆಚ್ಚು ವಿದ್ಯಾರ್ಥಿಗಳು ಸತ್ತರು. ಬದುಕುಳಿದ ನೀಲ್ಸ್ 1656ರಲ್ಲಿ ವಿಶ್ವವಿದ್ಯಾಲಯ ಸೇರಿ ವೈದ್ಯಶಾಸ್ತ್ರ ಓದತೊಡಗಿದರು.

1660ರಲ್ಲಿ ಅವರು ಹೆಚ್ಚಿನ ಓದಿಗಾಗಿ ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್‌ಗೆ ಹೋದರು. ಅಲ್ಲಿ ಗೆರಾರ್ಡ್ ಬ್ಲಾಸಿಯಸ್ ಎಂಬ ವೈದ್ಯರ ಮನೆಯಲ್ಲಿ ಉಳಿದು ಪಾಠ ಹೇಳಿಸಿಕೊಳ್ಳುತ್ತಿದ್ದರು. ಏಪ್ರಿಲ್ 7ರಂದು ಒಂದು ಕುರಿಯ ತಲೆಯನ್ನು ತಂದು ಒಬ್ಬರೇ ಕೊಯ್ದು ನೋಡುತ್ತಿದ್ದರು. ಕೆನ್ನೆಯ ಬಳಿ ಒಂದು ಸಣ್ಣ ನಾಳ ಕಂಡಿತು. ಅದರೊಳಗೆ ಲೋಹದ ಕಡ್ಡಿಯನ್ನು ತೂರಿಸಿದರು. ಕಡ್ಡಿ ಸಲೀಸಾಗಿ ಮುಂದೆ ಹೋಗಿ ಹಲ್ಲಿಗೆ ತಾಗಿ ಸದ್ದಾಯಿತು! ಅಂದರೆ ಆ ನಾಳ ಬಾಯಿಯೊಳಗೆ ತೆರೆದುಕೊಂಡಿತ್ತು.

ಸ್ಟೆನ್ಸನ್ ಸಂತೋಷದಿಂದ ಗುರುಗಳನ್ನು ಕರೆದು ತೋರಿಸಿದರು. ಆದರೆ ಅವರು ನಂಬಲಿಲ್ಲ. ಕಡ್ಡಿ ಬಲವಾಗಿ ಚುಚ್ಚಿ ತೂತಾಗಿರಬೇಕು ಎಂದರು. ಮರು ವರ್ಷ ನಡೆದದ್ದೇ ಬೇರೆ. 1661ರ ತಮ್ಮ ಪುಸ್ತಕದಲ್ಲಿ ಬ್ಲಾಸಿಯಸ್, ಆ ನಾಳವನ್ನು ಕಂಡುಹಿಡಿದದ್ದು ತಾವೇ ಎಂದು ಬರೆದುಕೊಂಡರು. ತನ್ನದನ್ನು ತನ್ನದು ಎಂದ ಶಿಷ್ಯನ ಮೇಲೆಯೇ ಕದ್ದ ಆರೋಪ ಬಂತು. ನೀವೇ ಅವರ ಜಾಗದಲ್ಲಿ ಇದ್ದಿದ್ದರೆ ಏನು ಮಾಡುತ್ತಿದ್ದಿರಿ?

ಆ ವೇಳೆಗೆ ಸ್ಟೆನ್ಸನ್ ಲೈಡನ್ ನಗರದ ವಿಶ್ವವಿದ್ಯಾಲಯಕ್ಕೆ ಸೇರಿದ್ದರು. ಅವರು ಮತ್ತೆ ಕೊಯ್ದು ನೋಡುವ ಕೆಲಸಕ್ಕೇ ಕುಳಿತರು. ಬಾಯಿ, ಮೂಗು, ಕಣ್ಣಿನ ಸುತ್ತಲಿನ ಗ್ರಂಥಿಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ನಾಳ ಕಿವಿಯ ಮುಂದಿರುವ ಜೊಲ್ಲು ಗ್ರಂಥಿಯಲ್ಲಿ ಹುಟ್ಟಿ ಕೆನ್ನೆಯೊಳಗೆ ತೆರೆಯುತ್ತದೆ ಎಂದು ಸ್ಪಷ್ಟವಾಗಿ ತೋರಿಸಿದರು. ಬ್ಲಾಸಿಯಸ್ ಬರೆದದ್ದರಲ್ಲಿ ನಾಳದ ಆರಂಭವೂ ಕೊನೆಯೂ ಸರಿಯಾಗಿರಲಿಲ್ಲ. ದಾರಿಯನ್ನು ಕಂಡವರು ಯಾರೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಲೈಡನ್ನಿನ ಪ್ರಾಧ್ಯಾಪಕ ವ್ಯಾನ್ ಹಾರ್ನ್ ಎಲ್ಲರೆದುರು ಆ ನಾಳವನ್ನು ತೋರಿಸಿ, ಅದಕ್ಕೆ ಸ್ಟೆನ್ಸನ್ ಹೆಸರನ್ನೇ ಇಟ್ಟರು. ಇಂದಿಗೂ ಅದು ಸ್ಟೆನ್ಸನ್ ನಾಳ. ಕಣ್ಣೀರು ಮಿದುಳಿನಿಂದ ಬರುತ್ತದೆ ಎಂದು ಆಗ ಹಲವರು ನಂಬಿದ್ದರು. ಅದು ಕಣ್ಣಿನ ಬಳಿಯ ಗ್ರಂಥಿಯಿಂದ ಬರುತ್ತದೆ ಎಂದು ತೋರಿಸಿದವರೂ ಅವರೇ.

ಇಷ್ಟು ಚಿಕ್ಕ ಕಾಲುವೆಯನ್ನು ತಿಳಿದು ಏನು ಪ್ರಯೋಜನ ಎನ್ನುತ್ತೀರಾ? ಒಂದು ಉದಾಹರಣೆ ನೋಡಿ. ಈ ಕಾಲುವೆಯಲ್ಲಿ ರಸ ಗ್ರಂಥಿಯಿಂದ ಬಾಯಿಗೆ ಮಾತ್ರ ಹರಿಯಬೇಕು. ಅದರ ಬಾಯಿ ಕಿರಿದಾಗಿರುವುದರಿಂದ, ಕೆನ್ನೆಯ ಸ್ನಾಯು ಅದನ್ನು ಒತ್ತಿ ಹಿಡಿಯುವುದರಿಂದ ಗಾಳಿ ಒಳಗೆ ನುಗ್ಗುವುದಿಲ್ಲ. ಆದರೆ ಕಹಳೆಯಂಥ ವಾದ್ಯ ಊದುವವರಲ್ಲಿ, ಗಾಜು ಊದಿ ಪಾತ್ರೆ ಮಾಡುವವರಲ್ಲಿ ಬಾಯಿಯೊಳಗಿನ ಗಾಳಿಯ ಒತ್ತಡ ತುಂಬ ಹೆಚ್ಚುತ್ತದೆ. ಆಗ ಅಪರೂಪಕ್ಕೆ ಗಾಳಿ ಹಿಮ್ಮುಖವಾಗಿ ನಾಳದೊಳಗೆ ಹೊಕ್ಕು ಗ್ರಂಥಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಸುಮ್ಮಸುಮ್ಮನೆ ಕೆನ್ನೆ ಉಬ್ಬಿಸುವ ಅಭ್ಯಾಸವಿರುವ ಕೆಲವು ಮಕ್ಕಳಿಗೂ ಹೀಗಾಗುವುದುಂಟು.

ಕಿವಿಯ ಮುಂದೆ ಕೆನ್ನೆ ಊದಿಕೊಂಡಾಗ ನೋಡಿದವರು ಮಂಗನಬಾವು ಎಂದುಕೊಳ್ಳಬಹುದು. ಆದರೆ ಮಂಗನಬಾವು ವೈರಸ್‌ನಿಂದ ಬರುವ, ಒಬ್ಬರಿಂದ ಒಬ್ಬರಿಗೆ ಹರಡುವ ರೋಗ. ಗಾಳಿಯ ಊತ ಹರಡುವುದಿಲ್ಲ. ವೈದ್ಯರು ಎರಡನ್ನೂ ಹೇಗೆ ಗುರುತಿಸುತ್ತಾರೆ? ಊದಿದ ಜಾಗವನ್ನು ಮೆಲ್ಲಗೆ ಒತ್ತುತ್ತಾರೆ. ಗಾಳಿ ಇದ್ದರೆ ಬೆರಳಿನಡಿ ಚರಚರ ಎಂದಂತಾಗುತ್ತದೆ. ನೀವು ಕನ್ನಡಿಯಲ್ಲಿ ನೋಡಿದ ಆ ರಂಧ್ರದಿಂದ ನೊರೆನೊರೆಯಾದ ಜೊಲ್ಲು ಬರುತ್ತದೆ. ಊದುವುದನ್ನು ನಿಲ್ಲಿಸಿದರೆ ಊತ ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಗಾಳಿಯೊಂದಿಗೆ ರೋಗಾಣುಗಳೂ ಸೇರಬಹುದಾದ್ದರಿಂದ ವೈದ್ಯರಿಗೆ ತೋರಿಸಲೇಬೇಕು. ನೆನಪಿಡಿ, ಬಲವಾಗಿ ಊದಿ ಇದನ್ನು ಪರೀಕ್ಷಿಸಲು ಹೋಗಬೇಡಿ!

ಸ್ಟೆನ್ಸನ್ ಅಷ್ಟಕ್ಕೇ ನಿಲ್ಲಲಿಲ್ಲ. ಹೃದಯವೂ ಒಂದು ಸ್ನಾಯು ಎಂದು ತೋರಿಸಿದರು. 1666ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ದೊಡ್ಡ ಶಾರ್ಕ್ ಮೀನಿನ ತಲೆಯನ್ನು ಕೊಯ್ದರು. ಬಂಡೆಗಳಲ್ಲಿ ಸಿಗುತ್ತಿದ್ದ, ನಾಲಗೆಯ ಆಕಾರದ ಕಲ್ಲುಗಳು ಅದರ ಹಲ್ಲುಗಳಂತೆಯೇ ಇರುವುದನ್ನು ಕಂಡು, ಅವು ಹಿಂದಿನ ಕಾಲದ ಶಾರ್ಕ್‌ಗಳ ಹಲ್ಲುಗಳೇ ಎಂದು ವಿವರಿಸಿದರು. ಕೆಡದೆ ಉಳಿದ ಶಿಲಾಪದರಗಳಲ್ಲಿ ಕೆಳಗಿನ ಪದರ ಮೇಲಿನದಕ್ಕಿಂತ ಹಳೆಯದು ಎಂಬ ನಿಯಮವನ್ನು 1669ರಲ್ಲಿ ಪ್ರಕಟಿಸಿದರು. ಭೂವಿಜ್ಞಾನಕ್ಕೆ ಅಡಿಪಾಯ ಹಾಕಿದವರಲ್ಲಿ ಅವರೂ ಒಬ್ಬರು. ಮುಂದೆ ಕ್ರೈಸ್ತ ಪಾದ್ರಿಯಾಗಿ, ಬಿಷಪ್ ಆಗಿ ಸರಳವಾಗಿ ಬಾಳಿದರು. 1686ರಲ್ಲಿ ಜರ್ಮನಿಯ ಶ್ವೆರಿನ್‌ನಲ್ಲಿ ತೀರಿಕೊಂಡಾಗ ಅವರಿಗೆ ಕೇವಲ 48 ವರ್ಷ.

ಗುರುವೇ ಅಲ್ಲಗಳೆದಾಗಲೂ ಸ್ಟೆನ್ಸನ್ ಕಂಡದ್ದನ್ನು ಬಿಟ್ಟುಕೊಡಲಿಲ್ಲ. ಮತ್ತೆ ಮತ್ತೆ ನೋಡಿ, ಇತರರಿಗೂ ಕಾಣುವಂತೆ ಮಾಡಿದರು. ಇನ್ನು ಹುಣಸೆಹಣ್ಣು ನೆನೆದು ಬಾಯಲ್ಲಿ ನೀರೂರಿದಾಗ, ಕೆನ್ನೆಯೊಳಗಿನ ಆ ಪುಟ್ಟ ಉಬ್ಬನ್ನು ನಾಲಗೆಯಿಂದ ಒಮ್ಮೆ ಮುಟ್ಟಿ ನೋಡಿ.