ಶಕ್ತಿ ತಗ್ಗಿಸಿದ ಮಾರ್ಕೋನಿ

1901ರಲ್ಲಿ ಅಟ್ಲಾಂಟಿಕ್ ಸಾಗರದಾಚೆಗೆ ನಿಸ್ತಂತು ಸಂಕೇತ ಕಳುಹಿಸಿದವರು ಮಾರ್ಕೋನಿ ಎಂದು ನಾವೆಲ್ಲ ಓದಿದ್ದೇವೆ. ನನಗೆ ಹೆಚ್ಚು ಹಿಡಿಸಿದ್ದು ಅವರ ಮುಂದಿನ ಬದುಕು.

1874ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಹುಟ್ಟಿದ ಅವರಿಗೆ 1909ರಲ್ಲಿ ನೊಬೆಲ್ ಬಂತು. ದೂರ ಹೆಚ್ಚಿದಷ್ಟೂ ಪ್ರೇಷಕದ ಶಕ್ತಿ, ತರಂಗದೂರ ಎರಡೂ ಹೆಚ್ಚಬೇಕೆಂದು ನಂಬಿ ದೈತ್ಯ ಕೇಂದ್ರಗಳನ್ನು ಕಟ್ಟಿಸಿದ್ದರು. 1923ರಲ್ಲಿ, ಐವತ್ತರ ಹೊಸ್ತಿಲಲ್ಲಿ, ಎಲೆಟ್ರಾ ಎಂಬ ತಮ್ಮ ಹಡಗಿನಲ್ಲಿ ಕೇಪ್ ವರ್ಡೆ ದ್ವೀಪಗಳಿಗೆ ಹೋಗಿ, ಇಂಗ್ಲೆಂಡಿನ ಪೋಲ್ಡುವಿನಿಂದ ಬರುವ 97 ಮೀಟರ್ ತರಂಗಗಳನ್ನು ಆಲಿಸಿದರು. ಪ್ರೇಷಕದ ಶಕ್ತಿಯನ್ನು 1 ಕಿಲೋವಾಟ್‌ಗೆ ಇಳಿಸಿದರೂ ರಾತ್ರಿಯ ಸಂಕೇತ ವೇಲ್ಸ್‌ನ ದೈತ್ಯ ಕೇಂದ್ರದ್ದಕ್ಕಿಂತ ಗಟ್ಟಿಯಾಗಿತ್ತು!

ಆಂಟೆನಾದ ಹಿಂದೆ ಪ್ರತಿಫಲಕವಿಟ್ಟರೆ, ಟಾರ್ಚ್ ಬೆಳಕಿನಂತೆ, ಶಕ್ತಿಯೆಲ್ಲ ಬೇಕಾದ ದಿಕ್ಕಿಗೇ ಹೋಗುತ್ತದೆ. ನಾಲ್ಕೂ ಕಡೆ ಚೆಲ್ಲುವುದಿಲ್ಲ. ವುಝೂ ಮಾಡುವಾಗ ನಲ್ಲಿ ಜೋರಾಗಿ ಬಿಟ್ಟು ಅಮ್ಮನಿಂದ ಬೈಸಿಕೊಂಡವರಿಗೆ ಇದು ಬೇಗ ಅರ್ಥವಾದೀತು.

ಇಪ್ಪತ್ತು ವರ್ಷ ತಾವೇ ಬೆಳೆಸಿದ ವಿಧಾನವನ್ನು ಬಿಟ್ಟುಕೊಡುವುದು ಸುಲಭವಲ್ಲ. ಅವರು ಬಿಟ್ಟುಕೊಟ್ಟರು. ಈ ಹೊಸ ವ್ಯವಸ್ಥೆಯಿಂದ ಬ್ರಿಟನ್‌ಗೆ 1926ರಲ್ಲಿ ಕೆನಡಾ, 1927ರಲ್ಲಿ ಭಾರತದ ಸಂಪರ್ಕ ಸಿಕ್ಕಿತು. ನಮ್ಮ ಕಡೆಯ ಪ್ರೇಷಕ ಪುಣೆಯ ಖಡ್ಕಿಯಲ್ಲಿತ್ತು.

1937ರ ಜುಲೈ 20ರಂದು ಅವರು ರೋಮ್‌ನಲ್ಲಿ ತೀರಿಕೊಂಡರು. ಮರುದಿನ ಬ್ರಿಟನ್ನಿನ ರೇಡಿಯೊ ಕೇಂದ್ರಗಳು ಎರಡು ನಿಮಿಷ ಮೌನವಾಗಿದ್ದವು.